ಸರ್ಕಾರಿ ನೌಕರರು ಮುಷ್ಕರ ಮಾಡಬಹುದಾ?

[ತೆರೆಯ ಮೇಲೆ: ಸಾಲಾಗಿ ನಿಂತ ಬಸ್‌ಗಳು, ಡಿಪೋ ಗೇಟ್]

2025ರ ಆಗಸ್ಟ್ 5. ಸಾರಿಗೆ ನೌಕರರು 38 ತಿಂಗಳ ವೇತನ ಹೆಚ್ಚಳದ ಹಿಂಬಾಕಿ ಕೊಡಿ ಅಂತ ಬಸ್ ನಿಲ್ಲಿಸಿದರು. ಮುಷ್ಕರ ಮುಂದೂಡಿ ಎಂದು ಹೈಕೋರ್ಟ್ ಹಿಂದಿನ ದಿನವೇ ಹೇಳಿತ್ತು. ಕೋರ್ಟ್ ಮತ್ತೆ ಖಡಕ್ಕಾಗಿ ಹೇಳಿದ ಮೇಲೆ ಬಸ್‌ಗಳು ರಸ್ತೆಗಿಳಿದವು.

ಮುಷ್ಕರ ಹಕ್ಕಲ್ವಾ ಹಾಗಾದರೆ? ಸಂಘ ಕಟ್ಟೋದು ಮೂಲಭೂತ ಹಕ್ಕು. ಮುಷ್ಕರ ಅಲ್ಲ. ಶಾಂತಿಯುತ ಪ್ರದರ್ಶನ ಮಾಡಬಹುದು, ಆದರೆ ಮುಷ್ಕರಕ್ಕೆ ಮೂಲಭೂತ ಹಕ್ಕಿನ ರಕ್ಷಣೆ ಇಲ್ಲ ಎಂದು ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

[ತೆರೆಯ ಮೇಲೆ: ತಮಿಳುನಾಡು, 2003]

ಎಲ್ಲಕ್ಕಿಂತ ಕಠಿಣವಾಗಿದ್ದು ತಮಿಳುನಾಡಿನ ಪ್ರಕರಣ. ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರು, ಶಿಕ್ಷಕರನ್ನು ಜಯಲಲಿತಾ ಸರ್ಕಾರ ಒಂದೇ ಏಟಿಗೆ ವಜಾ ಮಾಡಿತು. ಸರ್ಕಾರಿ ನೌಕರರಿಗೆ ಮುಷ್ಕರದ ಕಾನೂನುಬದ್ಧ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದಿತು ಸುಪ್ರೀಂ ಕೋರ್ಟ್. ಹೆಚ್ಚಿನವರು ಬೇಷರತ್ ಕ್ಷಮೆ ಕೇಳಿ, ಮುಚ್ಚಳಿಕೆ ಬರೆದುಕೊಟ್ಟು ಕೆಲಸಕ್ಕೆ ಮರಳಬೇಕಾಯಿತು. ಕಾನೂನಿನ ಮಾತು ಸರಿ ಇರಬಹುದು. ನೈತಿಕ ಹಕ್ಕೂ ಇಲ್ಲ ಅನ್ನೋದನ್ನು ನಾನಂತೂ ಒಪ್ಪಲಾರೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ, ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ವಿಧಾನಸೌಧದ ಗುಮಾಸ್ತರಿಗೆ ಸೇವಾ ನಡತೆ ನಿಯಮಗಳು ಅನ್ವಯಿಸುತ್ತವೆ. ಅವುಗಳಲ್ಲಿ ಮುಷ್ಕರಕ್ಕೆ ಜಾಗವೇ ಇಲ್ಲ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ನಿಗಮದ ಕಾರ್ಮಿಕ. ಅವರಿಗೆ ಕಾರ್ಮಿಕ ಕಾನೂನು. ಅಲ್ಲಿ ಮುಷ್ಕರ ಪೂರ್ತಿ ನಿಷೇಧವಲ್ಲ, ಷರತ್ತುಗಳಿವೆ. 14 ದಿನ ಮೊದಲೇ ನೋಟಿಸ್ ಕೊಡಬೇಕು. ರಾಜಿ ಸಂಧಾನ ನಡೆಯುವಾಗ ಕೆಲಸ ನಿಲ್ಲಿಸುವಂತಿಲ್ಲ, ಮುಗಿದ ಮೇಲೂ 7 ದಿನ ಕಾಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಕಾನೂನು, ಅಂದರೆ ಕೈಗಾರಿಕಾ ಸಂಬಂಧ ಸಂಹಿತೆ, ಇದನ್ನು ಇನ್ನೂ ಬಿಗಿ ಮಾಡಿದೆ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ!

ಇದರ ಮೇಲೆ ಎಸ್ಮಾ, ಅಂದರೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ. ನಮ್ಮ ರಾಜ್ಯಕ್ಕೆ 2013ರ ಸ್ವಂತ ಕಾಯ್ದೆ ಇದೆ. ಇದರಡಿ ಸರ್ಕಾರ ಆದೇಶ ಹೊರಡಿಸಿದರೆ ಮುಷ್ಕರ ಮಾಡುವುದು ಅಪರಾಧವಾಗುತ್ತದೆ. ಜೈಲಿಗೂ ಹೋಗಬೇಕಾಗಬಹುದು.

[ತೆರೆಯ ಮೇಲೆ: 2021ರ ಏಪ್ರಿಲ್, ಸಾರಿಗೆ ಮುಷ್ಕರ]

2021ರಲ್ಲಿ ಆರನೇ ವೇತನ ಆಯೋಗದ ಸಂಬಳ ಕೇಳಿದ ಸಾರಿಗೆ ನೌಕರರು ವಜಾ, ಅಮಾನತು, ವರ್ಗಾವಣೆ ಎಲ್ಲವನ್ನೂ ಕಂಡರು. ಅದೇ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕಚೇರಿ ಬಿಟ್ಟು ಹೊರಬಂದಾಗ, ಸರ್ಕಾರ ಅಂದೇ 17% ಮಧ್ಯಂತರ ಪರಿಹಾರ, ಅಂದರೆ ವೇತನ ಪರಿಷ್ಕರಣೆ ಆಗುವವರೆಗಿನ ತಾತ್ಕಾಲಿಕ ಹೆಚ್ಚಳ, ಘೋಷಿಸಿತು. ಚುನಾವಣೆ ಹತ್ತಿರವಿತ್ತು. ನಿಯಮದ ಪ್ರಕಾರ ಮುಷ್ಕರ ಮಾಡಲೇಬಾರದವರಿಗೆ ಒಂದೇ ದಿನದಲ್ಲಿ ಫಲ, ಷರತ್ತಿನ ಮೇಲೆ ಮಾಡಬಹುದಾದವರಿಗೆ ವಜಾ. ಇದು ನನಗೆ ಅನ್ಯಾಯ ಅನ್ನಿಸುತ್ತದೆ.

ಐಸಿಯು ನರ್ಸ್ ಕೆಲಸ ಬಿಟ್ಟು ಹೋದರೆ ಜೀವ ಹೋಗುತ್ತದೆ. ಅಂಥ ಕಡೆ ನಿರ್ಬಂಧ ಬೇಕೇ ಬೇಕು. ಆದರೆ ಮುಷ್ಕರ ಕಿತ್ತುಕೊಂಡರೆ ಬದಲಿಗೆ ಏನಾದರೂ ಕೊಡಬೇಕಲ್ವಾ? ಕೇಂದ್ರ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ, ಅಂದರೆ ಸರ್ಕಾರ ಮತ್ತು ನೌಕರರ ಪ್ರತಿನಿಧಿಗಳು ಕೂತು ಮಾತಾಡುವ ವೇದಿಕೆ. ವೇತನ, ಭತ್ಯೆ, ವಾರದ ಕೆಲಸದ ಗಂಟೆ, ರಜೆ ಬಗ್ಗೆ ಒಪ್ಪಂದ ಆಗದಿದ್ದರೆ ವಿಷಯ ಕಡ್ಡಾಯ ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಹೋಗುತ್ತದೆ. ತೀರ್ಪನ್ನು ತಿದ್ದಬೇಕಾದರೆ ಸಂಸತ್ತೇ ತಿದ್ದಬೇಕು.

ಮುಂದಿನ ಸಲ ಬಸ್ ನಿಂತಾಗ ನೌಕರರನ್ನು ಬೈಯುವ ಮೊದಲು ಸುಮ್ನೆ ಎರಡು ವಿಷಯ ವಿಚಾರಿಸಿ. ನೋಟಿಸ್ ಯಾವತ್ತು ಕೊಟ್ಟಿದ್ದರು? ಆ 14 ದಿನಗಳಲ್ಲಿ ಸರ್ಕಾರ ಎಷ್ಟು ಸಲ ಮಾತುಕತೆಗೆ ಕರೆದಿತ್ತು?