ಮರದ ಮೇಲೆ ಹುಳು, ಹುಳುವಿನ ಮೇಲೆ ಹೆಲಿಕಾಪ್ಟರ್

ಕೇಳುಗರಿಗೆ ನಮಸ್ಕಾರ.

ನಮ್ಮ ಬಡಾವಣೆ ಇರುವುದು ವಿದ್ಯಾರಣ್ಯಪುರದ ಕಡೆ. ಮೊನ್ನೆ ಭಾನುವಾರ ನಿವಾಸಿಗಳ ಸಂಘದ ಸಭೆ ಸೇರಿತ್ತು. ಕಸ, ಬೀದಿನಾಯಿ, ಕಾವೇರಿ ನೀರು ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಈ ಕಂಬಳಿ ಹುಳುಗಳಿಗೆ ಏನಾದರೂ ಮಾಡಿ. ಮನೆಗಿಷ್ಟು ಅಂತ ಹಾಕಿ ಡ್ರೋನ್ ತರಿಸೋಣ, ಮೇಲಿನಿಂದ ಒಂದೇ ಸಲ ಔಷಧಿ ಹೊಡೆಸಿಬಿಡೋಣ" ಅಂದರು. ಅವರ ಮೊಮ್ಮಗಳ ಕತ್ತಿನ ತುಂಬ ದದ್ದು ಎದ್ದಿದ್ದನ್ನು ನಾನೂ ನೋಡಿದ್ದೆ. ಹಾಗಾಗಿ ನಗಲಿಲ್ಲ.

ಮಳೆ ಹಿಡಿದ ಕೆಲವು ದಿನಕ್ಕೆ ನುಗ್ಗೆಮರದ ಬೊಡ್ಡೆ ನೋಡಬೇಕು ನೀವು. ಯಾರೋ ಹಳೇ ಕಂಬಳಿ ಸುತ್ತಿಟ್ಟ ಹಾಗೆ ಹುಳುಗಳ ಗುಂಪು. ನಮ್ಮಮ್ಮ ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಪಂಜು ಹಿಡಿಯುತ್ತಿದ್ದರು. ಚಟಪಟ ಸದ್ದು, ಸುಟ್ಟ ಕೂದಲಿನ ವಾಸನೆ. ನುಗ್ಗೆಕಾಯಿ ಸಾರು ಉಣ್ಣುವಾಗ ಅದು ಯಾರಿಗೂ ನೆನಪಾಗುತ್ತಿರಲಿಲ್ಲ ಬಿಡಿ.

ಊರಿಗೆ ಊರೇ ಸೇರಿ ಆಕಾಶದಿಂದ ಹುಳುವಿಗೆ ಔಷಧಿ ಹೊಡೆಸುವುದು ಅಮೆರಿಕದಲ್ಲಿ ನಡೆದುಕೊಂಡು ಬಂದಿದೆ. ಅಲ್ಲಿನ ಹುಳುವಿನ ಕಥೆ ನಮ್ಮ ಸೀಮೆಯವರು ಕೇಳಲೇಬೇಕಾದದ್ದು, ಯಾಕೆಂದರೆ ಅದು ಶುರುವಾದದ್ದು ರೇಷ್ಮೆಯಿಂದ. ಟ್ರೂವೆಲೋ ಎಂಬ ಫ್ರೆಂಚ್ ಮನುಷ್ಯ 1869ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್ ಊರಿನಲ್ಲಿದ್ದ. ರೇಷ್ಮೆ ತೆಗೆಯುವ ಆಸೆಯಿಂದ ಬಗೆಬಗೆಯ ಪತಂಗ ಸಾಕುತ್ತಿದ್ದ. ಯುರೋಪಿನಿಂದ ತರಿಸಿದ ಒಂದು ಜಾತಿಯ ಹುಳು ಅವನ ಕೈತಪ್ಪಿ ಹಿತ್ತಲು ದಾಟಿತು. ಇಪ್ಪತ್ತು ವರ್ಷದಲ್ಲಿ ಆ ಊರಿನ ಮರ, ಗೋಡೆ, ಕಾಲುದಾರಿ ಎಲ್ಲ ಹುಳುಮಯ. ರೇಷ್ಮೆ ಮಾತ್ರ ಒಂದೆಳೆಯೂ ಬರಲಿಲ್ಲ. ಇವತ್ತು ಆ ಪತಂಗಕ್ಕೆ ಸ್ಪಾಂಜಿ ಮಾತ್ ಅನ್ನುತ್ತಾರೆ. ಮೊಟ್ಟೆಯ ಗೊಂಚಲು ಸ್ಪಂಜಿನ ಚೂರಿನಂತೆ ಇರುವುದರಿಂದ 2022ರಲ್ಲಿ ಇಟ್ಟ ಹೆಸರು ಅದು. ಓಕ್ ಮರಗಳೆಂದರೆ ಅದಕ್ಕೆ ಪ್ರಾಣ.

1957ರಲ್ಲಿ ಅಲ್ಲಿನ ಸರ್ಕಾರ ಇದೇ ಹುಳುವಿನ ಮೇಲೆ ವಿಮಾನದಿಂದ ಡಿಡಿಟಿ ಸುರಿಯಿತು. ಕಾಡಿನ ಜೊತೆಗೆ ಜನರ ಅಂಗಳ, ತರಕಾರಿ ತೋಟ, ಹಸು ಮೇಯುವ ಹುಲ್ಲು ಎಲ್ಲ ತೊಯ್ದವು. ಲಾಂಗ್ ಐಲೆಂಡಿನ ಜನ ಕೋರ್ಟಿಗೆ ಹೋದರು.

ಈಗ ಹೊಡೆಯುವುದು ಹೆಚ್ಚಾಗಿ ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಹೌದು, ನಮ್ಮ ಬಿಟಿ ಹತ್ತಿಯ ಬಿಟಿಯೇ. ಹತ್ತಿಯಲ್ಲಿ ಆ ಬ್ಯಾಕ್ಟೀರಿಯಾದ ವಂಶವಾಹಿ ಗಿಡದೊಳಗಿದೆ, ಇಲ್ಲಿ ಬ್ಯಾಕ್ಟೀರಿಯಾವನ್ನೇ ಎಲೆಯ ಮೇಲೆ ಸಿಂಪಡಿಸುತ್ತಾರೆ. ಮೈಗೆ ತಾಗಿದರೆ ಹುಳುವಿಗೆ ಏನೂ ಆಗದು, ಅದು ಎಲೆಯನ್ನು ತಿನ್ನಬೇಕು. ಹುಳುವಿನ ಕರುಳಿನಲ್ಲಿ ಕ್ಷಾರ ಹೆಚ್ಚು. ಅಲ್ಲಿ ಬಿಟಿಯ ಹರಳು ಕರಗಿ, ಕರುಳು ತೂತಾಗಿ, ಹುಳು ಮೊದಲು ಮೇಯುವುದನ್ನು ಬಿಡುತ್ತದೆ, ಆಮೇಲೆ ಕೆಲವು ದಿನದಲ್ಲಿ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿರುವುದು ಆಮ್ಲ, ಅಲ್ಲಿ ಅದರ ಆಟ ನಡೆಯದು. ಬಿಸಿಲಿಗೆ ಕೆಲವೇ ದಿನದಲ್ಲಿ ಸತ್ತ್ವ ಕಳೆದುಕೊಳ್ಳುತ್ತದೆ. ಹುಳು ಎಳೆಯದಾಗಿದ್ದರೆ ಮಾತ್ರ ಉಪಯೋಗ. ಬೆರಳುದ್ದ ಬೆಳೆದ ಮೇಲೆ ಹೊಡೆಸಿದರೆ ದುಡ್ಡು ದಂಡ.

ನನ್ನ ತಂಗಿಯ ಮಗಳು ಮಿಷಿಗನ್‌ನಲ್ಲಿದ್ದಾಳೆ. ಅವಳಿಂದ ಕೇಳಿದ್ದರಲ್ಲಿ ನನಗೆ ಹೆಲಿಕಾಪ್ಟರಿಗಿಂತ ಹಿಡಿಸಿದ್ದು ಒಂದು ಹಗ್ಗ. ಸುಮಾರು ಹದಿನೆಂಟೂವರೆ ಅಡಿ ಹಗ್ಗದ ಒಂದು ತುದಿ ನೆಟ್ಟು, ಇನ್ನೊಂದು ತುದಿ ಹಿಡಿದು ಸುತ್ತು ಬರುವುದು. ಆ ವೃತ್ತ ಎಕರೆಯ ನಲವತ್ತನೇ ಒಂದು ಪಾಲು. ಅದರೊಳಗಿನ ಮರ, ಕಲ್ಲು, ಸೌದೆ ರಾಶಿಯಲ್ಲಿ ಮೊಟ್ಟೆ ಗೊಂಚಲು ಎಣಿಸಿ ನಲವತ್ತರಿಂದ ಗುಣಿಸುವುದು. ಎಲೆ ಉದುರಿದ ಚಳಿಗಾಲದಲ್ಲೇ ಈ ಕೆಲಸ. ಬೆರಳಿಗೆ ಗಟ್ಟಿಯಾಗಿ ಸಿಕ್ಕಿದರೆ ಈ ವರ್ಷದ್ದು, ಮೆತ್ತಗೆ ಪುಡಿಯಾದರೆ ಹಳೆಯದು. ಹಳೆಯದೇ ಹೆಚ್ಚಿದ್ದರೆ ಹುಳು ಇಳಿಮುಖ, ತಾನಾಗಿಯೇ ಅಡಗುತ್ತದೆ, ಹೆಲಿಕಾಪ್ಟರ್ ಬೇಡ. ಒಂದು ವರ್ಷ ಪೂರಾ ಬೋಳಾದ ಗಟ್ಟಿಮುಟ್ಟು ಓಕ್ ಮತ್ತೆ ಚಿಗುರುತ್ತದೆ. ಎರಡು ಮೂರು ವರ್ಷ ಮೇಲಿಂದ ಮೇಲೆ ಬೋಳಾದರೆ ಕಷ್ಟ.

ಇದನ್ನೆಲ್ಲ ಸಭೆಯಲ್ಲಿ ಹೇಳಿದೆ. "ನೋಡಿ, ನೀವೇ ಹೇಳಿದಿರಲ್ಲ, ಬಿಟಿ ಸಾಧು ಔಷಧಿ. ಹೊಡೆಸೋಣ" ಅಂದರು ಆ ಹಿರಿಯರು.

ಅಲ್ಲೇ ತೊಡಕು. 1901ರಲ್ಲಿ ಜಪಾನಿನ ಇಶಿವಾತಾ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು ಎಲ್ಲಿ ಗೊತ್ತೆ? ಸಾಯುತ್ತಿದ್ದ ರೇಷ್ಮೆಹುಳುವಿನಲ್ಲಿ. ಹತ್ತು ವರ್ಷದ ನಂತರ ಜರ್ಮನಿಯ ತುರಿಂಜಿಯಾದಲ್ಲಿ ಹಿಟ್ಟಿನ ಹುಳುವಿನಲ್ಲಿ ಸಿಕ್ಕಿ ಆ ಪ್ರಾಂತ್ಯದ ಹೆಸರು ಅಂಟಿಕೊಂಡಿತು, ಅಷ್ಟೆ. ನಮ್ಮ ಸುತ್ತ ಏನಿದೆ? ಒಂದು ಕಡೆ ಶಿಡ್ಲಘಟ್ಟ, ದೇವನಹಳ್ಳಿ ಹತ್ತಿರದ ವಿಜಯಪುರ, ಇನ್ನೊಂದು ಕಡೆ ರಾಮನಗರ. ವಿದ್ಯಾರಣ್ಯಪುರದ ಸಿಂಪಡಣೆ ಶಿಡ್ಲಘಟ್ಟಕ್ಕೆ ಹಾರಿಹೋಗುತ್ತದೆ ಅಂತಲ್ಲ. ಆದರೆ ಒಂದು ಬಡಾವಣೆ ಮಾಡಿದ್ದನ್ನು ಇನ್ನೊಂದು ಮಾಡುತ್ತದೆ, ದೇವನಹಳ್ಳಿ ಆಚೆ ಲೇಔಟಿನ ಕಾಂಪೌಂಡು ಮುಗಿದಲ್ಲಿ ಹಿಪ್ಪುನೇರಳೆ ಶುರುವಾಗಬಹುದು. ಆ ಸೊಪ್ಪು ಹುಳುಮನೆಯ ತಟ್ಟೆಗೆ ಹೋಗುತ್ತದೆ.

ಬಿಟಿಗೆ ಒಳ್ಳೆ ಹುಳು, ಕೆಟ್ಟ ಹುಳು ಅಂತ ಭೇದವಿಲ್ಲ. ರಸ್ತೆಬದಿಯ ಕಕ್ಕೆಮರದ ಎಲೆ ತಿಂದು ಹಾರುವ ಹಳದಿ ಚಿಟ್ಟೆಯ ಮರಿ, ಕರಿಬೇವಿನ ಗಿಡದ ಹಸಿರು ಮರಿ, ಎಲ್ಲವೂ ಎಲೆ ಮೇಯುವವೇ. ಇನ್ನು ಚಾತಕ. ಬರೀ ಮಳೆಹನಿ ಕುಡಿದು ಬದುಕುತ್ತದೆ ಅನ್ನುವುದು ಕವಿಗಳ ಮಾತು, ಆ ಹಕ್ಕಿ ಇಷ್ಟಪಟ್ಟು ತಿನ್ನುವುದು ಕಂಬಳಿ ಹುಳುವನ್ನು. ಮಳೆಯೊಟ್ಟಿಗೆ ಅದರ ದನಿ ಕೇಳಿಬರುವುದು ಸುಮ್ಮನೆ ಅಲ್ಲ.

ಆಕಾಶದಿಂದ ಬರುವ ಔಷಧಿಯ ಬಗ್ಗೆ ಕನ್ನಡಿಗರಿಗೆ ಬೇರೆ ನೆನಪೂ ಇದೆ. ಕಾಸರಗೋಡಿನ ಪಡ್ರೆ, ಎಣ್ಮಕಜೆ, ಈಚೆ ಬೆಳ್ತಂಗಡಿಯ ಕೊಕ್ಕಡ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಹೊಡೆದದ್ದು ಎಂಡೋಸಲ್ಫಾನ್, ಬಿಟಿಯಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಕೆಳಗಿನವರನ್ನು ಕೇಳದೆ ಮೇಲಿನಿಂದ ಹೊಡೆದದ್ದು ಅಲ್ಲಿ ನಡೆದುಹೋಯಿತು. ನಮ್ಮ 1971ರ ಕೀಟನಾಶಕ ನಿಯಮಗಳಲ್ಲಿ, ಆಕಾಶದಿಂದ ಸಿಂಪಡಿಸುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಜನ-ಜಾನುವಾರು ಅತ್ತ ಸುಳಿಯದಂತೆ ತಡೆಯಬೇಕು ಎಂದಿದೆ. ಹಾಲಿನವರು, ಪೇಪರಿನವರು, ವಾಕಿಂಗಿನವರು ತುಂಬಿದ ನಮ್ಮ ಬೀದಿಯಲ್ಲಿ ಅದನ್ನು ಯಾರು ನಡೆಸಿಕೊಡುತ್ತಾರೆ?

ಕೊನೆಗೆ ನಾನು ಕೇಳಿದ್ದು ಒಂದೇ: ಹುಳು ಇರುವುದು ಎಷ್ಟು ಮರದಲ್ಲಿ? ಯಾರೂ ಎಣಿಸಿರಲಿಲ್ಲ. ಬಡಾವಣೆಯ ತುಂಬ ಹೊಂಗೆ, ಬೇವು, ಮಳೆಮರ. ನನ್ನ ಲೆಕ್ಕದಲ್ಲಿ ಕಾಟ ಇರುವುದು ಹಿತ್ತಲಿನ ಹತ್ತು ಹನ್ನೆರಡು ನುಗ್ಗೆಗೆ. ಹಗಲು ಬೊಡ್ಡೆಯಲ್ಲೇ ಗುಂಪಾಗಿ ಕೂತ ಹುಳುವನ್ನು ಗ್ಲೌಸು ಹಾಕಿಕೊಂಡು ಪೊರಕೆಯಲ್ಲಿ ಸೋಪುನೀರಿಗೆ ತಳ್ಳಿದರೆ ಆಯಿತು, ಪಂಜೂ ಬೇಡ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂತ ನಿಗದಿಯಾಗಿದೆ. ಏಳು ಜನ ಬರುತ್ತೇವೆ ಅಂದಿದ್ದಾರೆ. ಡ್ರೋನ್ ಕೇಳಿದ ಹಿರಿಯರು ಬಕೆಟ್ಟು ತಮ್ಮ ಮನೆಯಿಂದಲೇ ತರುತ್ತಾರಂತೆ. ಪೊರಕೆ ಮಾತ್ರ ನಾನೇ ಹಿಡಿಯಬೇಕಂತೆ.

ನಮಸ್ಕಾರ.