ಶಾಸನ ಓದುವ ಹುಡುಗಿ, ಪಾಳೇಗಾರರ ಮನೆ ಹುಡುಗ

ಎಲ್ಲರಿಗೂ ನಮಸ್ಕಾರ.

ಐತಿಹಾಸಿಕ ಪ್ರೇಮಕಥೆಯನ್ನು ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಇಟ್ಟು ಹೇಗೆ ಬರೆಯಬಹುದು ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ಒಂದೇ ಒಂದು ಕಥೆಯನ್ನು ಹಿಡಿದು ಮಾತಾಡುತ್ತೇನೆ. ಪುರಾತತ್ವ ವಿದ್ವಾಂಸರ ಮಗಳು, ಎದೆಗಾರಿಕೆಯ ಹುಡುಗಿ. ಎದುರಿಗೆ ದೊಡ್ಡ ಮನೆತನದ, ಆದರೆ ಕೈಯಲ್ಲಿ ಕಾಸಿಲ್ಲದ ಹುಡುಗ. ಇಂಗ್ಲಿಷ್ ಕಾದಂಬರಿ ಓದುವವರಿಗೆ ಈ ಜೋಡಿ ಗೊತ್ತೇ ಇರುತ್ತದೆ.

ಅಲ್ಲಿ ಈ ಕಥೆ ಸುಮ್ನೆ ಹುಟ್ಟಿದ್ದಲ್ಲ. 1870ರ ನಂತರ ಅಮೆರಿಕದಿಂದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಜಮೀನ್ದಾರರ ಗುತ್ತಿಗೆ ಆದಾಯ ಕುಸಿಯಿತು. ದೊಡ್ಡ ದೊಡ್ಡ ಮನೆಗಳು ಸಾಲಕ್ಕೆ ಬಿದ್ದವು. ಐದನೇ ಲಾರ್ಡ್ ಕಾರ್ನಾರ್ವನ್ ಕೂಡ ಸಾಲದಲ್ಲಿದ್ದ. 1895ರಲ್ಲಿ ಅವನು ರಾಥ್‌ಚೈಲ್ಡ್ ಎಂಬ ಬ್ಯಾಂಕರ್ ಮನೆತನದ ಹಣ ತಂದ ಅಲ್ಮೀನಾಳನ್ನು ಮದುವೆಯಾದ. ಆ ಹಣದಲ್ಲೇ ಈಜಿಪ್ಟಿನ ಉತ್ಖನನ ನಡೆಯಿತು. 1922ರ ನವೆಂಬರ್‌ನಲ್ಲಿ ತೂತಾಂಖಾಮನ್ ಗೋರಿಯೊಳಗೆ ಮೊದಲು ಕಾಲಿಟ್ಟವರಲ್ಲಿ ಅವರ ಮಗಳು ಈವ್ಲಿನ್ ಇದ್ದಳು. ಆಗ ಅವಳಿಗೆ 21 ವರ್ಷ. ಕಾಸಿಲ್ಲದ ಶ್ರೀಮಂತ, ಗೋರಿಗೆ ಇಳಿಯುವ ಮಗಳು, ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕರು ನೋಡಿ.

ಅದೇ ಕಥೆಯನ್ನು ಎತ್ತಿ ತಂದು ಗೋರಿಯ ಬದಲು ನಂದಿಬೆಟ್ಟ, ಲಾರ್ಡ್ ಬದಲು ಪಾಳೇಗಾರ ಎಂದು ಹೆಸರು ಬದಲಾಯಿಸಿದರೆ ನಮ್ಮ ಕಥೆ ಆಗಲ್ಲ. ಇಲ್ಲಿಯ ಬಡತನ ಬೇರೆ. ಇಲ್ಲಿಯ ಪುರಾತತ್ವವೂ ಬೇರೆ. ನಮ್ಮಲ್ಲಿ ನೆಲ ಅಗೆದವರಿಗಿಂತ ಶಾಸನ ಓದಿದವರು ಜಾಸ್ತಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾದದ್ದು 1885ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಹನ್ನೆರಡು ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಅಚ್ಚು ಹಾಕಿಸಿದರು. ಹತ್ತನೆಯ ಸಂಪುಟ ನಮ್ಮದು, ಆಗಿನ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಅದನ್ನು ತೆರೆದರೆ ಗಂಗರು ತಮ್ಮನ್ನು ಕುವಳಾಲಪುರದ ಒಡೆಯರು, ನಂದಗಿರಿಯ ನಾಥರು ಎಂದು ಕರೆದುಕೊಳ್ಳುವುದು ಕಾಣುತ್ತದೆ. ಕುವಳಾಲಪುರ ನಮ್ಮ ಕೋಲಾರ. ನಂದಗಿರಿ ಈ ಕಿಟಕಿಯಿಂದ ಕಾಣುವ ಬೆಟ್ಟ.

ಹಾಗಾಗಿ ನಾನು ಹೇಳುವುದಿಷ್ಟೇ. ಈ ಕಥೆಯಲ್ಲಿ ಪ್ರೇಮದ ತಿರುವು ಶಾಸನದ ಓದಿನಲ್ಲೇ ಇರಬೇಕು. ಕುದುರೆ, ಕೋಟೆ, ಮಳೆಯಲ್ಲಿ ನೆನೆಯುವುದು ಏನು ಬೇಕಾದರೂ ಇರಲಿ. ಆದರೆ ಅವಳು ಓದುವ ಒಂದು ಸಾಲಿನಿಂದ ಅವನ ಬದುಕು ಅಲ್ಲಾಡಬೇಕು. ಅದಿಲ್ಲದಿದ್ದರೆ ಅವಳು ಯಾರ ಮಗಳಾಗಿದ್ದರೇನು?

ಕಾಲ ಯಾವುದು ಅಂತ ಮೊದಲು ನಿರ್ಧರಿಸಬೇಕು. ರೈಸ್ ಕಾಲಕ್ಕೆ, ಅಂದರೆ 1900ರ ಆಸುಪಾಸಿಗೆ ಇಟ್ಟರೆ ಕಷ್ಟ. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹದ ಮೇಲೆ ಕಾನೂನು ತಂದಿತು. ಆ ಕಾನೂನು ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು! ಅಂಥ ಕಾಲದಲ್ಲಿ ವಿದ್ವಾಂಸರ ಮನೆಯ ಹುಡುಗಿ ಇಪ್ಪತ್ತು ವರ್ಷಕ್ಕೆ ಮದುವೆಯಿಲ್ಲದೆ ಅಪ್ಪನ ಜೊತೆ ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದಳು ಅಂದರೆ ಯಾರೂ ನಂಬಲ್ಲ. ಅವಳನ್ನು ಬಾಲವಿಧವೆ ಮಾಡಿದರೆ ನಂಬಬಹುದು, ಆದರೆ ಆಗ ಅದು ಪೂರ್ತಿ ಬೇರೆ ಕಾದಂಬರಿ.

ನಾನಾದರೆ 1936 ಆರಿಸಿಕೊಳ್ಳುತ್ತೇನೆ. ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರಿಗೆ ಹಲ್ಮಿಡಿ ಶಾಸನ ಸಿಕ್ಕ ವರ್ಷ ಅದು. ಕನ್ನಡದ ಹಳೆಯ ಶಾಸನ ಸಿಕ್ಕಿತು ಎಂಬ ಸಂಭ್ರಮ ಇಲಾಖೆಯವರ ಮನೆಗಳಲ್ಲಿ ಹೇಗಿದ್ದಿರಬಹುದು ಅಂತ ಊಹಿಸಿಕೊಳ್ಳಿ. ಅದೇ ಬೇಸಿಗೆ ಗಾಂಧೀಜಿ ನಂದಿಬೆಟ್ಟಕ್ಕೆ ವಿಶ್ರಾಂತಿಗೆ ಬಂದಿದ್ದರು. ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೆ ಸಣ್ಣ ಗೇಜಿನ ರೈಲು ಓಡುತ್ತಿತ್ತು. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಅಪ್ಪನಿಗೆ ಸಹಾಯಕ್ಕೆ ಬರುವುದು ಆಗ ಅಪರೂಪ, ಆದರೆ ಅಸಾಧ್ಯವಲ್ಲ. ಅವಳು ಅಪ್ಪನನ್ನು 'ಅಣ್ಣ' ಅಂತ ಕರೆಯಲಿ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೇ ಕರೆಯುತ್ತಿದ್ದರು.

ಇನ್ನು ಹುಡುಗ. ಅವನ ಬಡತನಕ್ಕೆ ಇತಿಹಾಸ ಇದೆ. ಆವತಿಯಿಂದ ಬಂದ ಮನೆತನಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಆಳಿದ್ದು ನಿಮಗೆ ಗೊತ್ತು. 1762ರಲ್ಲಿ ಹೈದರಾಲಿ ಚಿಕ್ಕಬಳ್ಳಾಪುರ ಹಿಡಿದ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ನಂದಿದುರ್ಗ ಹತ್ತಿತು. ಆ ಗದ್ದಲದಲ್ಲಿ ಯಾವ ಪಾಳೇಗಾರ ಬಾಳಿದ, ಯಾವನು ಬೀದಿಗೆ ಬಿದ್ದ ಎನ್ನುವುದು ದೊಡ್ಡ ಕಥೆ. ಒಟ್ಟಿನಲ್ಲಿ ಕೋಟೆ ಹೋಯಿತು, ಸೈನ್ಯ ಹೋಯಿತು, ಕೊನೆಗೆ ಒಂದಷ್ಟು ಇನಾಂ ಜಮೀನು ಮತ್ತು ಕಂಬದ ತೊಟ್ಟಿಮನೆ ಉಳಿಯಿತು. ನೀವು ಒಂದು ಕಲ್ಪಿತ ಪಾಳೆಯಪಟ್ಟನ್ನು ಕಟ್ಟಿಕೊಳ್ಳಿ. ನಿಜವಾದ ಮನೆತನದ ಹೆಸರು ಬೇಡ, ಅವರ ವಂಶದವರು ಇವತ್ತೂ ನಮ್ಮ ನಡುವೆ ಇದ್ದಾರೆ.

ಆ ಮನೆಯಲ್ಲಿ ಹುಡುಗನ ಅಜ್ಜಿಯೊಬ್ಬರು ಇರಲೇಬೇಕು. ಎಪ್ಪತ್ತರ ವಯಸ್ಸು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಕಡೆ ಅದನ್ನು ಬಿಟ್ಟು ಬರೆದರೆ ಮನೆ ಮಾತು ಅನ್ನಿಸುವುದೇ ಇಲ್ಲ. ಕೈವಾರದ ತಾತಯ್ಯನವರೇ ಎರಡೂ ಭಾಷೆಯಲ್ಲಿ ಹಾಡಿಲ್ವಾ? ಈ ಅಜ್ಜಿ ಹತ್ತು ವರ್ಷದವರಾಗಿದ್ದಾಗ 1876ರ ಬರ ನೋಡಿದವರು. ಧಾತು ಈಶ್ವರ ಬರ ಅಂತ ನಮ್ಮ ಹಿರಿಯರು ಕರೆಯುತ್ತಿದ್ದ ಬರ ಅದು. 1876 ಧಾತು ಸಂವತ್ಸರ, 1877 ಈಶ್ವರ. ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಇಲ್ಲವಾದರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಯನ್ನೇ ನಂಬಿದ ನಮ್ಮ ಸೀಮೆಗೆ ಅದು ಎಂಥ ಪೆಟ್ಟು ಅಂತ ಹೇಳಬೇಕಾಗಿಲ್ಲ.

ಈಗ ಕೇಳಿ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 1936ರ ಯುಗಾದಿಗೆ ಬಂದದ್ದು ಮತ್ತೆ ಧಾತು! ಆ ಅಜ್ಜಿ ಯುಗಾದಿಯ ದಿನ ಪಂಚಾಂಗ ಓದುವಾಗ ಆ ಹೆಸರು ಕೇಳಿ ಎದ್ದು ಒಳಗೆ ಹೋಗುತ್ತಾರೆ. ಕಣಜದಲ್ಲಿ ಎಷ್ಟು ರಾಗಿ ಇದೆ ಅಂತ ದಿನಾ ಕೈ ಹಾಕಿ ನೋಡುತ್ತಾರೆ. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ, 'ಅರವತ್ತು ವರ್ಷಕ್ಕೆ ಮತ್ತೆ ಬಂದೈತಮ್ಮ ಅದು' ಅಂತ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೀಲಿ ಇಲ್ಲೇ ಇದೆ.

ಇಬ್ಬರೂ ಸೇರುವುದು ಎಲ್ಲಿ? ಶಾಸನದ ಪಡಿಯಚ್ಚು ತೆಗೆಯುವ ಕೆಲಸದಲ್ಲಿ ಸೇರಿಸಿ. ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಎಂಥ ಮೈಮುರಿಯುವ, ಎಂಥ ಚಂದದ ಕೆಲಸ ಅಂತ. ಮೊದಲು ಕಲ್ಲನ್ನು ತಿಕ್ಕಿ ತೊಳೆಯಬೇಕು. ಪಾಚಿ, ಎಣ್ಣೆ, ಕುಂಕುಮ, ಸುಣ್ಣ ಎಲ್ಲ ಹೋಗಬೇಕು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಬೇಕು. ಗಾಳಿಗುಳ್ಳೆ ಉಳಿದರೆ ಅಕ್ಷರ ಹೋಯಿತು. ಜೋರಾಗಿ ತಟ್ಟಿದರೆ ಕಾಗದ ಹರಿಯಿತು. ಅರ್ಧ ಒಣಗಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೇಲೆ ಹಗುರವಾಗಿ ತಟ್ಟಬೇಕು. ಸುತ್ತ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತವೆ. ಕೆರೆ ಏರಿಯ ಮೇಲೆ ಗಾಳಿ ಬಂದರೆ ಕಾಗದದ ತುದಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಆ ಹುಡುಗ ಹಿಡಿದುಕೊಳ್ಳಲಿ. ಗಂಟೆಗಟ್ಟಲೆ ಮಾತಿಲ್ಲದೆ ನಿಲ್ಲಬೇಕು. ಅವಳ ಕಣ್ಣು ಕಲ್ಲಿನ ಮೇಲೆ, ಅವನ ಕಣ್ಣು ಅವಳ ಮಸಿಯಾದ ಬೆರಳ ಮೇಲೆ. ಇದಕ್ಕಿಂತ ಒಳ್ಳೆಯ ಪ್ರೇಮದ ದೃಶ್ಯ ನನಗಂತೂ ಹೊಳೆದಿಲ್ಲ.

ಸಾಹಸಕ್ಕೂ ಬರವಿಲ್ಲ. ಗುಡಿಬಂಡೆಯ ಬೆಟ್ಟ ಇದೆ, ಕಳವಾರ ಬೆಟ್ಟ ಇದೆ. ಬಂಡೆ ಸಂದಿಯಲ್ಲಿ ಹೆಜ್ಜೇನು, ಪೊದೆಯಲ್ಲಿ ಹಾವು. ಎಲ್ಲಕ್ಕಿಂತ ದೊಡ್ಡ ಅಪಾಯ ನಿಧಿಯ ಆಸೆ. ಶಾಸನ ಓದುವವರು ಬಂದರೆಂದರೆ ನಿಧಿಯ ಗುರುತು ಸಿಕ್ಕಿದೆ ಅಂತ ಸುದ್ದಿ ಹಬ್ಬುತ್ತದೆ. ರಾತ್ರೋರಾತ್ರಿ ಕಲ್ಲು ಕೀಳುವವರು, ವೀರಗಲ್ಲು ಒಡೆಯುವವರು ಇವತ್ತಿಗೂ ಇದ್ದಾರೆ. ಎಂಥ ಕಲ್ಲುಗಳನ್ನು ಹಾಗೆ ಕಳೆದುಕೊಂಡಿದ್ದೇವೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. ನಿಮ್ಮ ಕಾದಂಬರಿಯ ಖಳನಾಯಕ ಬೇಕಿದ್ದರೆ ಅಲ್ಲಿಂದ ಬರಲಿ. ಹುಡುಗನ ಚಿಕ್ಕಪ್ಪನೇ ಆದರೆ ಇನ್ನೂ ಸರಿ.

ಈಗ ತಾಮ್ರಶಾಸನಕ್ಕೆ ಬರೋಣ. ಆ ಮನೆಯ ದೇವರ ಕೋಣೆಯಲ್ಲಿ ಒಂದು ತಾಮ್ರದ ತಗಡಿದೆ. ವಿಜಯನಗರದ ಅರಸು ಈ ಮನೆತನದ ಮೂಲಪುರುಷನಿಗೆ ಹನ್ನೆರಡು ಹಳ್ಳಿ ಕೊಟ್ಟ ಎಂದು ಅದರಲ್ಲಿ ಬರೆದಿದೆ. ಕೊನೆಗೆ ಎಷ್ಟೋ ದಾನಶಾಸನಗಳಲ್ಲಿ ಬರುವ ಶಾಪ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇದನ್ನೇ ನಂಬಿ ಹುಡುಗನ ತಂದೆ ಸಾಲ ಮಾಡಿ ಕೋರ್ಟಿನಲ್ಲಿ ದಾವೆ ಹೂಡಿದ್ದಾರೆ. ಮನೆಯ ಆಸೆಯೆಲ್ಲ ಆ ತಗಡಿನ ಮೇಲೆ.

ಅದರಲ್ಲಿ ಕಾಲ ಹೀಗಿದೆ ಅಂದುಕೊಳ್ಳಿ: ಶಕವರ್ಷ 1401, ಧಾತು ಸಂವತ್ಸರ. ಹುಡುಗಿ ಓದುತ್ತಾ ಅಲ್ಲೇ ನಿಲ್ಲುತ್ತಾಳೆ. ಅಜ್ಜಿಯ ಮಾತು ಕಿವಿಯಲ್ಲಿದೆ. ಶಕ 1401 ಅಂದರೆ ಕ್ರಿ.ಶ. 1479. ಅದು ಧಾತುವಾಗಿದ್ದರೆ 1936ಕ್ಕೆ ಅರವತ್ತರ ಲೆಕ್ಕದಲ್ಲಿ ಸರಿಯಾಗಿ ಕೂಡಬೇಕು. ನಡುವೆ 457 ವರ್ಷ, ಅರವತ್ತರಿಂದ ಭಾಗವಾಗಲ್ಲ. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಉಳಿಯುವುದು ಸಂವತ್ಸರದ ಸಂಖ್ಯೆ. 1401ಕ್ಕೆ 33 ಉಳಿಯುತ್ತದೆ, ಅದು ವಿಕಾರಿ. ಧಾತು ಹತ್ತನೆಯದು. ಶಾಸನಗಳಲ್ಲಿ ಒಂದು ವರ್ಷ ಆಚೀಚೆ ಆಗುವುದುಂಟು. 23 ವರ್ಷ ಆಗಲ್ಲ. ಮತ್ತೆ ದೀಪ ಹತ್ತಿರ ತಂದು ಅಕ್ಷರ ನೋಡುತ್ತಾಳೆ. ಅಕ್ಷರಗಳೂ ಆ ಕಾಲದವಲ್ಲ, ತೀರಾ ಈಚಿನವು. ತಗಡು ಖೊಟ್ಟಿ.

ಇಂಥದ್ದು ನಡೆಯುತ್ತದಾ ಅಂತ ಕೇಳಬೇಡಿ. ರೈಸ್ ಪ್ರಕಟಿಸಿದ ಗಂಗರ ಎಷ್ಟೋ ತಾಮ್ರಶಾಸನಗಳು ಖೊಟ್ಟಿ ಎಂದು ಇನ್ನೊಬ್ಬ ಶಾಸನತಜ್ಞ ಜೆ. ಎಫ್. ಫ್ಲೀಟ್ ವರ್ಷಾನುಗಟ್ಟಲೆ ವಾದ ಮಾಡಿದರು, ರೈಸ್ ಬಿಟ್ಟುಕೊಡಲಿಲ್ಲ. ಹೊಸ ಸರ್ಕಾರ ಬಂದಾಗಲೆಲ್ಲ ಜಮೀನಿಗೆ ದಾಖಲೆ ಕೇಳುತ್ತದೆ. ಇದ್ದ ದಾಖಲೆ ಯುದ್ಧದಲ್ಲೋ ಬೆಂಕಿಯಲ್ಲೋ ಹೋಗಿರುತ್ತದೆ. ಹಸಿದ ಮನೆಯವರು ಹೊಸದು ಕೊರೆಸುತ್ತಾರೆ. ಹುಡುಗನ ಮುತ್ತಾತನನ್ನು ಕಳ್ಳ ಅಂತ ಬರೆಯಬೇಡಿ. ಆ ರಾತ್ರಿ ಅಕ್ಕಸಾಲಿಗನ ಮುಂದೆ ಕೂತ ಆ ಮನುಷ್ಯನ ಮನಸ್ಸಿನೊಳಗೆ ಇಳಿಯಿರಿ.

ಹಾಗಂತ ಅವಳ ಓದು ಬರೀ ಕೆಡವುವುದಾಗಬಾರದು. ಊರಿನ ನೀರಗಂಟಿಗೆ ಇನ್ನೊಂದು ಕಲ್ಲು ಗೊತ್ತಿದೆ. ಕೆರೆ ತೂಬಿನ ಹತ್ತಿರ, ನೀರು ಬತ್ತಿದಾಗ ಮಾತ್ರ ಕಾಣುವ ಕಲ್ಲು. ತಲೆಮಾರುಗಳಿಂದ ತೂಬು ಎತ್ತಿ ಇಳಿಸಿದವನು ಅವನು. ದೊಡ್ಡಮನೆಯ ಹೊಸ್ತಿಲೊಳಗೆ ಮಾತ್ರ ಅವನಿಗೆ ಪ್ರವೇಶವಿಲ್ಲ. ಅವನೇ ಅವಳನ್ನು ಅಲ್ಲಿಗೆ ಕರೆದೊಯ್ಯಲಿ. ಅದರಲ್ಲಿ ಬರೆದಿರುವುದು ಕಟ್ಟುಕೊಡಗೆ. ಕೆರೆ ಕಟ್ಟಿಸಿ, ಏರಿ ಕಾಪಾಡಿದ್ದಕ್ಕೆ ಮೂಲಪುರುಷನಿಗೆ ಕೆರೆಯ ಕೆಳಗೆ ಇಷ್ಟು ಗದ್ದೆ ಬಿಟ್ಟಿದ್ದೇವೆ ಅಂತ. ಹನ್ನೆರಡು ಹಳ್ಳಿಯಿಲ್ಲ, ಯುದ್ಧವಿಲ್ಲ, ಬಿರುದಿಲ್ಲ. ಆದರೆ ಇದು ಅಸಲಿ. ಕತ್ತಿಯ ಕಥೆ ಕೇಳಿ ಬೆಳೆದ ಹುಡುಗನಿಗೆ ಅವನ ಹಿರಿಯ ಗುದ್ದಲಿ ಹಿಡಿದವನು ಎಂದು ಹೇಳುವ ಕಲ್ಲು. ಗುಡಿಬಂಡೆಯ ಬೈರೇಗೌಡನನ್ನು ಜನ ಇವತ್ತಿಗೂ ನೆನೆಯುವುದರಲ್ಲಿ ಬೆಟ್ಟದ ಕೋಟೆಯ ಪಾಲೆಷ್ಟು, ಕೆಳಗಿನ ಬೈರಸಾಗರದ ಪಾಲೆಷ್ಟು ಅಂತ ಯೋಚಿಸಿ ನೋಡಿ.

ಜಾತಿಯ ವಿಷಯವನ್ನು ಮುಚ್ಚಿಡಬೇಡಿ. 1936ರಲ್ಲಿ ಈ ಇಬ್ಬರ ಮದುವೆಗೆ ಎರಡೂ ಮನೆಯವರು ಒಪ್ಪುವ ಮಾತಿಲ್ಲ. ಅವಳ 'ಅಣ್ಣ', ಅಂದರೆ ಅಪ್ಪ, ಎಷ್ಟೇ ಓದಿದವರಾದರೂ ಆ ಮಾತು ಬಂದಾಗ ಗಂಟಲು ಕಟ್ಟುತ್ತದೆ. ಇದನ್ನು ಒಂದು ಅಧ್ಯಾಯದಲ್ಲಿ ಬಗೆಹರಿಸಬೇಡಿ. ಎರಡು ವರ್ಷದ ನಂತರ, 1938ರ ಏಪ್ರಿಲ್ 25ಕ್ಕೆ, ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗುತ್ತದೆ. ಎಷ್ಟೋ ಬರಹಗಾರರಿಗೆ ಕಥೆಯನ್ನು ಅಲ್ಲಿಗೆ ಒಯ್ದು, ಇಬ್ಬರಲ್ಲಿ ಒಬ್ಬರನ್ನು ಬಲಿ ಕೊಟ್ಟು ಮುಗಿಸುವ ಆಸೆಯಾಗಬಹುದು. ದಯವಿಟ್ಟು ಬೇಡ. ಅಲ್ಲಿ ಸತ್ತವರದು ಬೇರೆಯೇ ಕಥೆ, ಅದಕ್ಕೆ ತನ್ನದೇ ಕಾದಂಬರಿ ಸಲ್ಲಬೇಕು.

ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ. ತಗಡು ಖೊಟ್ಟಿ ಎಂಬುದು ಇಲಾಖೆಯ ವಾರ್ಷಿಕ ವರದಿಯಲ್ಲಿ ಅಚ್ಚಾಗಲಿದೆ. ಅಣ್ಣ ಬರೆದೇ ಬರೆಯುತ್ತಾರೆ, ವಿದ್ವಾಂಸರಾದವರು ಬರೆಯದೆ ಬಿಡುವಂತಿಲ್ಲ. ಅದಕ್ಕೆ ಮೊದಲು ಹುಡುಗನಿಗೆ ಯಾರು ಹೇಳಬೇಕು? ನಾನಾದರೆ ಅವಳಿಂದಲೇ ಹೇಳಿಸುತ್ತೇನೆ, ಕೆರೆಯ ಕಲ್ಲಿನ ಪಡಿಯಚ್ಚನ್ನೂ ಅವನ ಕೈಗೆ ಕೊಡಿಸುತ್ತೇನೆ. ಅವನಿಗೆ ಸಿಟ್ಟು ಬರಲಿ. ತಿಂಗಳುಗಟ್ಟಲೆ ಮಾತು ಬಿಡಲಿ. ದಾವೆ ವಾಪಸ್ ತೆಗೆದುಕೊಳ್ಳುವಂತೆ ಅಪ್ಪನ ಎದುರು ನಿಂತು ಹೇಳುವವನು ಅವನೇ ಆಗಬೇಕು, ಅವಳ ಒತ್ತಾಯದಿಂದಲ್ಲ. ಮದುವೆ ಆಗುತ್ತದೋ ಇಲ್ಲವೋ ಅದು ಬರೆಯುವವರಿಗೆ ಬಿಟ್ಟದ್ದು. ಆಗಲಿ ಎಂಬುದು ನನ್ನ ಆಸೆ.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಕಟ್ಟುಕೊಡಗೆಯ ಬಗ್ಗೆ, ಸಂವತ್ಸರದ ಲೆಕ್ಕದ ಬಗ್ಗೆ ಜಾಸ್ತಿ ತಿಳಿಯಬೇಕು ಅನ್ನುವವರು ಮುಂದೆ ಬನ್ನಿ, ಹತ್ತನೆಯ ಸಂಪುಟವನ್ನು ತಂದಿದ್ದೇನೆ. ನಿಮ್ಮ ಊರಿನ ಕಲ್ಲು ಅದರಲ್ಲಿದೆಯಾ ಅಂತ ಒಟ್ಟಿಗೆ ಕೂತು ಹುಡುಕೋಣ.