ಏಪ್ರಿಲ್ 10 ಆದಮೇಲೆ

(ಹಳ್ಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಏಪ್ರಿಲ್ 10ರಂದು, ಪೋಷಕರನ್ನು ಕರೆದು ಫಲಿತಾಂಶ ಓದುವ ‘ಸಮುದಾಯದತ್ತ ಶಾಲೆ’ ದಿನ, ನಿವೃತ್ತ ಗಣಿತ ಶಿಕ್ಷಕರೊಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಅಮ್ಮಂದಿರಿಗೆ ಮೊದಲ ನಮಸ್ಕಾರ. ಅಪ್ಪಂದಿರು ಅಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೀರಿ. ಸ್ವಲ್ಪ ಮುಂದೆ ಬಂದು ಕೂತ್ಕೊಳ್ಳಿ. ಮೈಕ್ ಕೈಕೊಟ್ಟಿದೆ, ನನ್ನ ಗಂಟಲೂ ಮೊದಲಿನ ಹಾಗಿಲ್ಲ.

ವರ್ಷದ ಸುದ್ದಿಯನ್ನು ನಾಲ್ಕು ಮಾತಲ್ಲಿ ಹೇಳಿ ಸಾರ್ ಅಂತ ಹೆಡ್‌ಮೇಷ್ಟ್ರು ಕರೆದರು. ಸರಿ, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ವರ್ಷದ ಪಾಠ ನೆನಪಿಸುವ ತರಗತಿ, ನಡೆಯಿತು. ಆಮೇಲೆ ಎಫ್‌ಎ ಒಂದು, ಎರಡು ಅನ್ನುವ ಸಣ್ಣ ಪರೀಕ್ಷೆ, ದಸರೆಗೆ ಮುಂಚೆ ಎಸ್‌ಎ ಅನ್ನುವ ದೊಡ್ಡ ಪರೀಕ್ಷೆ. ದಸರೆ ಆದಮೇಲೆ ಮತ್ತೆ ಅದೇ ಸುತ್ತು. ಪ್ರತಿಭಾ ಕಾರಂಜಿಯಲ್ಲಿ ನಮ್ಮ ಹುಡುಗಿಯರು ಜನಪದ ಗೀತೆ ಹಾಡಿ ತಾಲ್ಲೂಕಿನವರೆಗೂ ಹೋದರು. ಖೋ-ಖೋದಲ್ಲಿ ಸೋತರು. ಸೋತ ಆಟ ನಾನೇ ನೋಡಿದ್ದೇನೆ, ಚೆನ್ನಾಗಿತ್ತು. ಹತ್ತನೇ ಕ್ಲಾಸಿನವರು ಬೀಳ್ಕೊಡುಗೆ ದಿನ ಶಾಲೆಗೆ ಗೋಡೆ ಗಡಿಯಾರ ಕೊಟ್ಟರು. ಅದಕ್ಕೆ ಹಿಂದಿನ ಬ್ಯಾಚೂ ಗಡಿಯಾರವನ್ನೇ ಕೊಟ್ಟಿತ್ತು. ಈಗ ಸ್ಟಾಫ್‌ ರೂಮಿನಲ್ಲಿ ಐದು ಗಡಿಯಾರ ಇವೆ, ಐದೂ ಬೇರೆ ಬೇರೆ ಟೈಮ್ ತೋರಿಸುತ್ತವೆ. ಮುಂದಿನ ವರ್ಷದ ಮಕ್ಕಳೇ, ದಯವಿಟ್ಟು ಒಂದು ಫ್ಯಾನ್ ಕೊಡಿ.

ಇಷ್ಟು ಸುದ್ದಿ. ಇನ್ನು ಸ್ವಲ್ಪ ಹೊತ್ತಿಗೆ ಎಂಟು, ಒಂಬತ್ತನೇ ಕ್ಲಾಸಿನ ಫಲಿತಾಂಶ ಓದುತ್ತಾರೆ. ನೀವು ಅದಕ್ಕೇ ಬಂದಿರುವುದು. ಮಗ ಪಾಸಾದನಾ, ಎಷ್ಟು ತೆಗೆದ, ಪಕ್ಕದ ಮನೆಯವಳಿಗಿಂತ ಜಾಸ್ತಿನಾ ಕಮ್ಮಿನಾ. ಕೇಳಿಸಿಕೊಂಡು ಮನೆಗೆ ಹೋಗುತ್ತೀರಿ. ನಾಳೆ ಗೇಟಿಗೆ ಬೀಗ. ಮತ್ತೆ ತೆಗೆಯುವುದು ಮೇ ಕೊನೆಯಲ್ಲಿ. ಸುಮಾರು ಏಳು ವಾರ.

ಈ ಏಳು ವಾರದ ಬಗ್ಗೆ ಮಾತಾಡಬೇಕು ಅಂತಲೇ ನಾನು ಬಂದಿದ್ದು.

ಮೂವತ್ತಕ್ಕೂ ಜಾಸ್ತಿ ವರ್ಷ ಪಾಠ ಮಾಡಿದ್ದೇನೆ. ಶಾಲೆ ನಡೆಯುವಾಗ ಮಕ್ಕಳು ಅಷ್ಟಾಗಿ ಶಾಲೆ ಬಿಡುವುದಿಲ್ಲ. ಎರಡು ದಿನ ಚಕ್ಕರ್ ಹೊಡೆಯುತ್ತಾರೆ, ಜಾತ್ರೆ ಅಂತ ನಾಲ್ಕು ದಿನ ಬರಲ್ಲ. ಮೇಷ್ಟ್ರು ಯಾರಾದರೂ ಹುಡುಗನ್ನ ಮನೆಗೆ ಕಳಿಸಿದರೆ ತಲೆ ಕೆರೆದುಕೊಂಡು ವಾಪಸ್ ಬರುತ್ತಾರೆ. ಮಕ್ಕಳು ನಮ್ಮ ಕೈತಪ್ಪುವುದು ರಜೆಯಲ್ಲಿ. ಆಗ ಹಾಜರಿ ಕರೆಯುವವರು ಇರುವುದಿಲ್ಲ. ಜೂನ್‌ನಲ್ಲಿ ಹೆಸರು ಕೂಗಿದಾಗ ಒಂದು ಬೆಂಚು ಖಾಲಿ. “ಎಲ್ಲಿ ಅವನು?” “ಬೆಂಗಳೂರಿಗೆ ಹೋದ ಸಾರ್.” “ಅವಳು?” ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೆ ಅರ್ಥವಾಗುತ್ತದೆ.

ಹುಡುಗರ ಕಥೆ ಮೊದಲು. ರಜೆಯಲ್ಲಿ ಸುಮ್ನೆ ಯಾಕಿರಬೇಕು ಅಂತ ಮಾವನ ಬೇಕರಿಗೋ, ಗ್ಯಾರೇಜಿಗೋ ಕಳಿಸುತ್ತೀರಿ. ಅದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ, ನಾಲ್ಕು ಕಾಸು ಬರಲಿ ಅಂತ ಅಷ್ಟೇ. ಮೊದಲ ತಿಂಗಳು ಹುಡುಗನ ಕೈಗೆ ದುಡ್ಡು ಬರುತ್ತದೆ. ಒಂದು ಮೊಬೈಲ್ ತಗೊಳ್ಳುತ್ತಾನೆ, ಕಂತಿನಲ್ಲಿ. ಕಂತು ತೀರುವ ಹೊತ್ತಿಗೆ ದಸರೆ ಬಂದಿರುತ್ತದೆ. ಆಮೇಲೆ ಚಡ್ಡಿ ಹುಡುಗರ ಜೊತೆ ಬೆಂಚಿನಲ್ಲಿ ಕೂರುವುದಕ್ಕೆ ಅವನಿಗೇ ನಾಚಿಕೆ.

ಕಾನೂನೂ ಇಲ್ಲಿ ತೆಳ್ಳಗಾಗುತ್ತದೆ, ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. 14 ತುಂಬಿ 18 ಆಗದವರಿಗೆ ಅಪಾಯದ ಕೆಲಸ ಮಾತ್ರ ಬೇಡ ಅನ್ನುತ್ತದೆ. ಎರಡು ಕಾಯ್ದೆಯೂ ಗೆರೆ ಎಳೆದಿರುವುದು 14ರ ಹತ್ತಿರ. ನಮ್ಮ ಮಕ್ಕಳು ಆ ಗೆರೆ ದಾಟುವುದು ಎಂಟು, ಒಂಬತ್ತನೇ ಕ್ಲಾಸಿನಲ್ಲಿ, ಅಂದರೆ ಇದೇ ಕಾಂಪೌಂಡಿನೊಳಗೆ. ಪ್ರಾಥಮಿಕ ಶಾಲೆಯ ಮಗು ಬರದಿದ್ದರೆ ಕಾನೂನು ಕೇಳುತ್ತದೆ. ಪ್ರೌಢಶಾಲೆಯ ಮಗು ಬರದಿದ್ದರೆ ಮೇಷ್ಟ್ರು ಕೇಳಬೇಕು, ಊರು ಕೇಳಬೇಕು.

ಮೇಷ್ಟ್ರು ಕೇಳುತ್ತಾರಾ? ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಯಾವ ಊರು, ಯಾವ ಶಾಲೆ ಬೇಡ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಭಾಗಾಕಾರ ಬರುತ್ತಿರಲಿಲ್ಲ. ಆದರೆ ಎಷ್ಟು ತೆಂಗಿನಕಾಯಿಗೆ ಎಷ್ಟು ಕೊಬ್ಬರಿ ಬರುತ್ತದೆ ಅಂತ ಕಣ್ಣಳತೆಯಲ್ಲೇ ಹೇಳುತ್ತಿದ್ದ. ಹತ್ತನೇ ಕ್ಲಾಸಿಗೆ ಬಂದರೆ ಖಂಡಿತಾ ಡುಮ್ಕಿ, ಶಾಲೆಯ ಫಲಿತಾಂಶ ಇಳಿಯುತ್ತದೆ ಅನ್ನುವುದು ಸ್ಟಾಫ್‌ ರೂಮಿನ ಲೆಕ್ಕ. ಅವರಪ್ಪ ಏಪ್ರಿಲ್‌ನಲ್ಲಿ ಬಂದು, “ಟಿಸಿ ಕೊಡ್ರಿ ಮೇಷ್ಟ್ರೇ, ಬೇರೆ ಕಡೆ ಸೇರಿಸ್ತೀನಿ” ಅಂದರು. ನಾನು ಯಾವ ಶಾಲೆ ಅಂತ ಕೇಳಲಿಲ್ಲ. ಬೇಗ ಬೇಗ ಬರೆದುಕೊಟ್ಟೆ. ಆ ವರ್ಷ ನಮ್ಮ ಫಲಿತಾಂಶ ಚೆನ್ನಾಗಿ ಬಂತು, ನನಗೆ ಶಾಲು ಹೊದಿಸಿದರು. ಹುಡುಗ ಯಾವ ಶಾಲೆಗೂ ಸೇರಲಿಲ್ಲ. ಎಷ್ಟೋ ವರ್ಷ ಆದಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಬಗ್ಗಿ ಕಾಲು ಮುಟ್ಟಿದ. ಬೈದಿದ್ದರೆ ವಾಸಿ ಇತ್ತು.

ಈಗ ಎಲ್ಲಾ ಕಂಪ್ಯೂಟರ್‌ನಲ್ಲಿದೆ. ಮಕ್ಕಳ ಶಾಲೆಯ ದಾಖಲೆ ಇಡುವ ಸ್ಯಾಟ್ಸ್ ಅನ್ನುವ ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ನಂಬರ್. ಟಿಸಿ ತಗೊಂಡ ಮಗು ಇನ್ನೊಂದು ಶಾಲೆಗೆ ಸೇರುವವರೆಗೆ ಅದರ ಹೆಸರು ‘ಡ್ರಾಪ್ ಬಾಕ್ಸ್’ ಅನ್ನುವ ಪಟ್ಟಿಯಲ್ಲಿ ಕೂತಿರುತ್ತದೆ. ಹೆಸರು ಕೇಳಿದರೆ ಅಂಚೆ ಡಬ್ಬಿಯ ನೆನಪಾಗುತ್ತದೆ ಅಲ್ವಾ? ಕಾಗದ ಹಾಕಿ ಬಂದರೆ ತಾನೇ ಹೋಗಿ ಸೇರುತ್ತದೆ ಅಂದುಕೊಳ್ಳುತ್ತೇವೆ. ಈ ಡಬ್ಬಿಯಿಂದ ಮಗುವನ್ನು ಯಾರಾದರೂ ಕೈಹಿಡಿದು ಎತ್ತಬೇಕು. ಹೆಡ್‌ಮೇಷ್ಟ್ರೇ, ಯಾರಾದರೂ ರಜೆಯಲ್ಲಿ ಟಿಸಿ ಕೇಳಿಕೊಂಡು ಬಂದರೆ ಮುಂದಿನ ಶಾಲೆಯ ಹೆಸರು ಕೇಳಿ. ಹೇಳುವಾಗ ತಡವರಿಸಿದರೆ ಆ ಶಾಲೆಗೇ ಒಂದು ಫೋನ್ ಮಾಡಿ.

ಇನ್ನು ಹುಡುಗಿಯರು. ಅಮ್ಮಂದಿರೇ, ಇದು ನಿಮಗೆ. ಏಪ್ರಿಲ್–ಮೇ ಅಂದರೆ ಲಗ್ನದ ಕಾಲ. ಅಕ್ಷಯ ತದಿಗೆ ಬರುವುದೂ ಇದೇ ರಜೆಯ ಆಸುಪಾಸಿನಲ್ಲಿ, ಆ ದಿನ ಮುಹೂರ್ತ ನೋಡುವುದೇ ಬೇಡ ಅನ್ನುತ್ತಾರೆ. ಅಕ್ಕನ ಮದುವೆಗೆ ಹಾಕಿದ ಚಪ್ಪರದಲ್ಲೇ ತಂಗಿಯದೂ ಮುಗಿಸಿದರೆ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ತಂಗಿ ಒಂಬತ್ತನೇ ಕ್ಲಾಸು. ಬಾಲ್ಯವಿವಾಹ ನಿಷೇಧ ಕಾಯ್ದೆ ಬಂದಿದ್ದು 2006ರಲ್ಲಿ. ಕರ್ನಾಟಕ ಅದಕ್ಕೆ 2016ರಲ್ಲಿ ತಿದ್ದುಪಡಿ ಮಾಡಿ, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂದಿತು. ಅಂದರೆ ನೀವು ಊಟ ಹಾಕಿಸಿ, ವಾಲಗ ಊದಿಸಿ ಮಾಡಿದ್ದು ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಚಪ್ಪರದ ಖರ್ಚು ಉಳಿಸಲು ಹೋಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಹುಡುಗಿಯರೇ, ನೀವೂ ಕೇಳಿ. 1098 ಅಂತ ಮಕ್ಕಳ ಸಹಾಯವಾಣಿಯ ಒಂದು ನಂಬರ್ ಇದೆ. ಕರೆಗೆ ದುಡ್ಡು ಬೇಡ, ರಾತ್ರಿ ಹಗಲು ಇರುತ್ತದೆ. ಗೆಳತಿಯ ಮನೆಯಲ್ಲಿ ಇಂಥದ್ದು ನಡೆಯುತ್ತಿದೆ ಅಂತ ಗೊತ್ತಾದರೆ ನೀವೇ ಫೋನ್ ಮಾಡಬಹುದು. ಹೆದರಿಕೆ ಆದರೆ ನಿಮ್ಮ ಮೇಡಂಗೆ ಹೇಳಿ. ಮೇಡಂ ರಜೆಯಲ್ಲೂ ಫೋನ್ ಎತ್ತುತ್ತಾರೆ, ನಾನು ಕೇಳಿಕೊಂಡೇ ಬಂದಿದ್ದೇನೆ.

ಊಟದ ಮಾತೂ ಇದೆ. ಶಾಲೆ ಇದ್ದರೆ ಬಿಸಿಯೂಟ ಇದೆ, 2013ರಿಂದ ಹಾಲಿದೆ, 2024ರಿಂದ ಆ ಹಾಲಿಗೆ ರಾಗಿ ಮಾಲ್ಟ್ ಬೇರೆ. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ನಾಳೆಯಿಂದ ಇದೆಲ್ಲ ನಿಲ್ಲುತ್ತದೆ. ಬರ ಬಿದ್ದ 2024ರ ಬೇಸಿಗೆಯಲ್ಲಿ ಬರದ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಬೇಯಿಸಿದ್ದರು. ಪ್ರತಿ ವರ್ಷ ಹಾಗಾಗುವುದಿಲ್ಲ. ಬೆಳೆಯುವ ಮಕ್ಕಳು, ಆದಷ್ಟು ನೋಡಿಕೊಳ್ಳಿ.

ಕೊನೆಗೆ ಹತ್ತನೇ ಕ್ಲಾಸಿನವರು. ಪರೀಕ್ಷೆ ಬರೆದು ಕೂತಿದ್ದಾರೆ, ಫಲಿತಾಂಶ ಬರುವುದು ರಜೆಯಲ್ಲಿ. 625ಕ್ಕೆ 620 ತೆಗೆದವರ ಮನೆಗೆ ಎಲ್ಲರೂ ಹೋಗುತ್ತಾರೆ, ಪೇಡಾ ಹಂಚುತ್ತಾರೆ, ಫ್ಲೆಕ್ಸ್ ಕಟ್ಟುತ್ತಾರೆ. ಒಂದು ವಿಷಯ ಹೋದವನ ಮನೆಗೆ ಯಾರೂ ಹೋಗುವುದಿಲ್ಲ. ಮೊದಲು ಫೇಲ್ ಆದವರಿಗೆ ಸಪ್ಲಿಮೆಂಟರಿ ಒಂದೇ ದಾರಿ. 2024ರಿಂದ ಪರೀಕ್ಷೆ 1, ಪರೀಕ್ಷೆ 2 ಅಂತ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ. ಪಾಸಾದವರೂ ಬೇಕಾದರೆ ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಅಂಕ ಉಳಿಯುತ್ತದೆ. ಆದರೆ ಎರಡನೇ ಪರೀಕ್ಷೆಗೆ ಹೆಸರು ಕೊಡಲು ಸಿಗುವುದು ಕೆಲವೇ ದಿನ. ಆ ಕೆಲವು ದಿನ ಹುಡುಗ ಹೊದ್ದುಕೊಂಡು ಮಲಗಿರುತ್ತಾನೆ, ಮನೆಯಲ್ಲಿ ಯಾರೂ ಮಾತಾಡಿಸುತ್ತಿರುವುದಿಲ್ಲ. ಆಗ ಯಾರಾದರೂ ಹೋಗಬೇಕು. ಗಣಿತ ಹೋದವರು ನನ್ನ ಮನೆಗೆ ಬರಲಿ. ಬೆಳಿಗ್ಗೆ ಏಳಕ್ಕೆ ಜಗಲಿಯ ಮೇಲೆ ಕೂರೋಣ. ಫೀಸು ಬೇಡ, ನೋಟ್‌ಬುಕ್ ತರಲಿ ಸಾಕು.

ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ಫಲಿತಾಂಶ ಓದಿ ಮುಗಿದ ಮೇಲೆ ಆ ಪಟ್ಟಿಯನ್ನು ಬೀರುವಿನಲ್ಲಿ ಇಡಬೇಡಿ. ಕೇರಿ ಕೇರಿಗೆ ಹೆಸರು ಹಂಚಿ ಇನ್ನೊಂದು ಪ್ರತಿ ಬರೆಸಿ. ಮೇಲಿನ ಕೇರಿಗೆ ಒಬ್ಬರು, ಕಾಲೋನಿಗೆ ಒಬ್ಬರು, ತೋಟದ ಮನೆಗಳಿಗೆ ಬೈಕ್ ಇರುವ ಯಾರಾದರೂ ಒಬ್ಬರು. ಮೇ ಮೊದಲ ವಾರ ಒಂದು ಸಲ, ಶಾಲೆ ತೆರೆಯುವ ಹಿಂದಿನ ದಿನ ಒಂದು ಸಲ ಹೋಗಿ ಬರಲಿ. “ಮಗು ಎಲ್ಲಿದೆ?” ಅಂತ ಕೇಳಿದರೆ ಸಾಕು, ಭಾಷಣ ಬೇಡ. ಊರಲ್ಲಿಲ್ಲ ಅಂದರೆ ಯಾರ ಮನೆಯಲ್ಲಿದೆ ಅಂತ ಕೇಳಿ, ಫೋನ್ ನಂಬರ್ ಬರೆದುಕೊಳ್ಳಿ.

ಶಾಲೆ ತೆರೆಯುವ ದಿನ ನಾನೂ ಗೇಟಿನ ಹತ್ತಿರ ಇರುತ್ತೇನೆ, ಇದೇ ಪಟ್ಟಿ ಹಿಡಿದುಕೊಂಡು. ಹಾಂ, ಹೆಡ್‌ಮೇಷ್ಟ್ರು ಗಡಿಯಾರ ನೋಡುತ್ತಿದ್ದಾರೆ, ಐದರಲ್ಲಿ ಯಾವುದನ್ನೋ ಗೊತ್ತಿಲ್ಲ. ಓದಿ ಸಾರ್, ಒಂಬತ್ತನೇ ಕ್ಲಾಸಿನಿಂದಲೇ ಶುರು ಮಾಡಿ. ಆಮೇಲೆ ಎಲ್ಲರಿಗೂ ಮಜ್ಜಿಗೆ ಇದೆ.